ಆಯುಧಪೂಜೆಗೆ ಬಿಚ್ಚಿಟ್ಟ ಎಂಜಿನ್ನು

ಬೆಳಿಗ್ಗೆ ಕಾರು ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬುದು ಇಡೀ ಮನೆಯ ಚಿಂತೆಯಾಗಿದ್ದ ಕಾಲವೊಂದಿತ್ತು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆದರೆ ನಿಮ್ಮಲ್ಲಿ ಕೆಲವರಾದರೂ ಯೂನಿಫಾರ್ಮ್ ಹಾಕಿಕೊಂಡು ಕಾರನ್ನು ಹಿಂದಿನಿಂದ ತಳ್ಳಿದ್ದೀರಿ, ಅಂಗೈಗೆ ಹತ್ತಿದ ಧೂಳನ್ನು ಅದೇ ಯೂನಿಫಾರ್ಮಿಗೆ ಒರೆಸಿಕೊಂಡು ಬೈಸಿಕೊಂಡಿದ್ದೀರಿ. ಅಂಥವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಕುವೆಂಪುನಗರದಲ್ಲಿ ಆಗಿನ್ನೂ ಖಾಲಿ ಸೈಟುಗಳಿದ್ದವು. ಎರಡು ಮನೆ, ಆಮೇಲೆ ಎಕ್ಕದ ಗಿಡ ಬೆಳೆದ ಒಂದು ಸೈಟು, ಮತ್ತೆ ಒಂದು ಮನೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೀದಿಯಲ್ಲಿ ಸ್ಕೂಟರುಗಳೇ ಜಾಸ್ತಿ. ನಮ್ಮ ಮನೆಯ ಮುಂದೆ ಮಾತ್ರ ನನಗಿಂತಲೂ ವಯಸ್ಸಾದ, ಬೂದು ಬಣ್ಣದ ಒಂದು ಕಾರು ನಿಂತಿರುತ್ತಿತ್ತು. ಅದರೊಳಗೆ ಕೂತರೆ ಬಿಸಿಲಿಗೆ ಕಾದ ರೆಕ್ಸಿನ್ನು, ಪೆಟ್ರೋಲು, ಡಬ್ಬಿಯೊಳಗಿನ ಚಿತ್ರಾನ್ನ, ಹುಡುಗಿಯರ ಜಡೆಯ ಕೊಬ್ಬರಿ ಎಣ್ಣೆ ಎಲ್ಲ ಸೇರಿದ ಒಂದು ವಾಸನೆ. ಅದನ್ನು ಈಗ ಹುಡುಕಿದರೂ ಎಲ್ಲೂ ಸಿಗುವುದಿಲ್ಲ.

ಕಾರು ತಾತನದು, ಅಂದರೆ ಅಪ್ಪನ ಅಪ್ಪನದು. ತಾತ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅಪ್ಪನಿಗೆ ಕಾರು ಕಲಿಸಲು ಹೋದರೆ, ಅಪ್ಪ ಮೊದಲ ದಿನವೇ ಎದುರುಮನೆಯವರ ಕಾಂಪೌಂಡಿಗೆ ಗುದ್ದಿ, ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದುಬಿಟ್ಟರಂತೆ. ಅವರು ಕಡಕೊಳದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲೇ ಹೋಗಿಬರುತ್ತಿದ್ದರು. ಮಗ ಕಲಿಯಲಿಲ್ಲವೆಂದು ತಾತ ಸೊಸೆಗೆ ಕಲಿಸಿದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಅಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಖಾಲಿ ಬಡಾವಣೆಯಲ್ಲಿ ಸುತ್ತು ಹೊಡೆಯುವುದನ್ನು ನೋಡಲು ಜನ ಗೇಟಿಗೆ ಬಂದು ನಿಲ್ಲುತ್ತಿದ್ದರಂತೆ. “ನೋಡ್ಲಿ ಬುಡು, ಟಿಕೆಟ್ ಇಲ್ದೆ ಸಿನಿಮಾ,” ಅನ್ನುತ್ತಿದ್ದರಂತೆ ತಾತ.

ನಾನು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅಮ್ಮ ನನ್ನ ಜೊತೆ ನಮ್ಮ ಬಡಾವಣೆಯ ಇನ್ನೂ ಕೆಲವು ಹುಡುಗಿಯರನ್ನು ಕಾನ್ವೆಂಟಿಗೆ ಕರೆದುಕೊಂಡು ಹೋಗಿ, ಸಂಜೆ ಕರೆತರುತ್ತಿದ್ದಳು. ಮನೆಯವರು ಅದನ್ನು ಒಂದು ಉಪಕಾರ ಅಂತ ನೋಡುತ್ತಿದ್ದರು. ಅಮ್ಮನಿಗೆ ಅದು ಬೇರೆಯೇ ಆಗಿತ್ತು. ನಮ್ಮನ್ನು ಇಳಿಸಿದ ಮೇಲೆ ಅವಳು ನೇರವಾಗಿ ಮನೆಗೆ ಬರುತ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು. ಕೆಲವು ದಿನ ಸಂಜೆ ಅವಳ ಚಪ್ಪಲಿಯ ಅಂಚಿನಲ್ಲಿ ಬೆಟ್ಟದ ತಪ್ಪಲಿನ ಕೆಮ್ಮಣ್ಣು ಒಣಗಿರುತ್ತಿತ್ತು. ಅಜ್ಜಿಯೂ ಅದನ್ನು ನೋಡಿರಬೇಕು. ಯಾರೂ ಕೇಳಿದವರಿಲ್ಲ.

ಆ ವರ್ಷ ದಸರೆಗೆ ಮುಂಚೆ ಎಂಜಿನ್ನು ಒರಳಿನಲ್ಲಿ ಅಕ್ಕಿ ರುಬ್ಬಿದ ಹಾಗೆ ಗರಗರ ಅನ್ನತೊಡಗಿತು. ತಾತ ಬಾನೆಟ್ಟಿಗೆ ಕಿವಿಯಿಟ್ಟು, “ಟೈಮಿಂಗ್ ಚೈನ್ ಸವೆದದೆ. ದಸರಾ ರಜೇಲಿ ಬಿಚ್ಚಿ ಹಾಕ್ಬುಡ್ತೀನಿ. ಗ್ಯಾರೇಜಿಗೆ ಕೊಡೋದು ಬೇಡ,” ಎಂದರು.

ರಜೆ ಶುರುವಾಯಿತು. ಪೋರ್ಟಿಕೋದಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ ತಾತ ಒಂದೊಂದೇ ಭಾಗವನ್ನು ಬಿಚ್ಚಿ ಸಾಲಾಗಿ ಇಟ್ಟರು. ಸೀಮೆಎಣ್ಣೆಯ ವಾಸನೆ ಅಡುಗೆಮನೆಯವರೆಗೂ ಬಂದು ಅಜ್ಜಿ ಗೊಣಗುತ್ತಿದ್ದಳು. ನಾನು ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತಿರುತ್ತಿದ್ದೆ. ಎಂಜಿನ್ನಿನ ಮುಂಭಾಗದ ಮುಚ್ಚಳ ತೆಗೆದಾಗ ಒಳಗೆ ಎರಡು ಹಲ್ಲುಚಕ್ರ ಕಂಡವು. ಕೆಳಗೆ ಸಣ್ಣದು, ಮೇಲೆ ದೊಡ್ಡದು, ಎರಡನ್ನೂ ಸುತ್ತಿದ ಒಂದು ಚೈನು, ಸೈಕಲ್ಲಿನದರ ಹಾಗೆ.

“ಇದೇನು ಮಾಡುತ್ತೆ ತಾತ?”

ತಾತ ಒಂದು ಇದ್ದಿಲು ತಗೊಂಡು ನೆಲದ ಮೇಲೆ ಒಂದು ಕೋಣೆ ಬರೆದರು, ಅದಕ್ಕೆ ಎರಡು ಬಾಗಿಲು. “ಮದ್ವೆ ಮನೇಲಿ ಊಟಕ್ಕೆ ಎಂಗೆ ಬುಡ್ತಾರೆ, ನೋಡಿದ್ದೀಯಲ್ಲ ಪುಟ್ಟಿ. ಒಂದು ಪಂಕ್ತಿ ಒಳಗೆ ಬತ್ತದೆ. ಬಂದ್ಮೇಲೆ ಮುಂದಿನ ಬಾಗಿಲು ಹಾಕ್ಬೇಕು. ಉಂಡಾದ್ಮೇಲೆ ಹಿಂದಿನ ಬಾಗಿಲು ತೆಗ್ದು ಕೈ ತೊಳೆಯಕ್ಕೆ ಕಳಿಸ್ಬೇಕು. ಎಂಜಿನ್ನೂ ಅಂಗೇ. ಪೆಟ್ರೋಲು ಗಾಳಿ ಬೆರೆತ್ಕೊಂಡು ಒಳಗೆ ಬರ್ಬೇಕು, ಬಾಗಿಲು ಮುಚ್ಬೇಕು, ಉರೀಬೇಕು. ಆಮೇಲೆ ಹೊಗೆ ಹಿಂದಿನ ಬಾಗಿಲಲ್ಲಿ ಆಚೆಗೆ.”

“ಬಾಗಿಲು ಯಾರು ತೆಗೀತಾರೆ?”

“ಕ್ಯಾಮ್ ಶಾಫ್ಟ್ ಅಂತ ಒಂದು ಕಂಬಿ ಅದೆ ಒಳಗೆ. ಅದರ ಮೈಮೇಲೆಲ್ಲ ಮೊಟ್ಟೆ ಥರ ಉಬ್ಬುಗಳು. ತಿರುಗ್ತಾ ತಿರುಗ್ತಾ ಒಂದೊಂದೇ ಬಾಗಿಲನ್ನ ತಳ್ತಾ ಹೋಗುತ್ತೆ. ಈ ದೊಡ್ಡ ಚಕ್ರ ತಿರುಗಿದ್ರೆ ಅದು ತಿರುಗೋದು. ಇದನ್ನ ಸರಿಯಾದ ಹಲ್ಲಿಗೆ ಕೂರಿಸ್ಬೇಕು. ಒಂದು ಹಲ್ಲು ಆಚೀಚೆ ಆದ್ರೆ ಬಾಗಿಲು ತೆಗೆಯೋದು ಮುಚ್ಚೋದು ಎಲ್ಲ ಹೊತ್ತು ತಪ್ಪಿಹೋಯ್ತದೆ.”

ಸರಿಯಾದ ಹಲ್ಲು ಯಾವುದು ಅಂತ ತಿಳಿಯಲು ಎರಡು ಚಕ್ರದ ಮೇಲೂ ಒಂದೊಂದು ಚುಕ್ಕಿ ಕೊರೆದಿರುತ್ತದಂತೆ. ಎರಡು ಚುಕ್ಕಿ ಎದುರುಬದುರು ಬರುವ ಹಾಗೆ ಕೂರಿಸಿದರೆ ಸರಿ. ನಮ್ಮ ಕಾರಿನ ದೊಡ್ಡ ಚಕ್ರದ ಚುಕ್ಕಿ ಸವೆದು ಬರಿಗಣ್ಣಿಗೆ ಕಾಣುತ್ತಲೇ ಇರಲಿಲ್ಲ. ತಾತ ಬಹಳ ಹೊತ್ತು ಬೆರಳಾಡಿಸಿ ಅದನ್ನು ಕಂಡುಹಿಡಿದು, ಅಜ್ಜಿಯ ಎಲೆಅಡಿಕೆ ಡಬ್ಬಿಯಿಂದ ಒಂದಿಷ್ಟು ಸುಣ್ಣ ತರಲು ನನಗೆ ಹೇಳಿದರು. ಆ ಹಲ್ಲಿನ ಮೇಲೆ ಸುಣ್ಣದ ಬೊಟ್ಟಿಟ್ಟು, ಚಕ್ರವನ್ನು ಬಿಚ್ಚಿ ಪತ್ರಿಕೆಯ ಮೇಲೆ ಮಲಗಿಸಿದರು.

ಹೊಸ ಚೈನು ಬರುವುದು ತಡವಾಯಿತು. ಅಷ್ಟರಲ್ಲಿ ಆಯುಧಪೂಜೆ ಬಂತು.

ಆಯುಧಪೂಜೆಯ ದಿನ ಉಪಕರಣ ಮುಟ್ಟುವಂತಿಲ್ಲ. ಸುತ್ತಿಗೆ, ಸ್ಪ್ಯಾನರ್, ಅಜ್ಜಿಯ ಈಳಿಗೆಮಣೆ, ಅಮ್ಮನ ಹೊಲಿಗೆ ಯಂತ್ರ ಎಲ್ಲದಕ್ಕೂ ಅವತ್ತು ರಜೆ. ಬೀದಿಯ ಸ್ಕೂಟರುಗಳೆಲ್ಲ ಮಿಂದು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ನಮ್ಮ ಕಾರು ಮಾತ್ರ ಬಾನೆಟ್ ತೆರೆದು ಬಾಯಿ ಕಳೆದುಕೊಂಡಿತ್ತು. ಅದರ ಕರುಳು ಪತ್ರಿಕೆಯ ಮೇಲಿತ್ತು. ಅಜ್ಜಿಗೆ ಅದು ಸರಿಬರಲಿಲ್ಲ. “ಗಾಡಿಗೆ ಪೂಜೆ ಅಂದ್ರೆ ಹೊರಗಿನ ತಗಡಿಗೆ ಮಾತ್ರ ಪೂಜೆನಾ? ಓಡೋದು ಇವುಗಳಿಂದ ತಾನೆ?” ಎಂದು, ಶಿವಪೂಜೆ ಮುಗಿಸಿ ಒದ್ದೆ ಬಟ್ಟೆ ಹಿಡಿದು ಪೋರ್ಟಿಕೋಗೆ ಬಂದಳು. ಒಂದೊಂದು ಭಾಗವನ್ನೂ ಕೈಗೆತ್ತಿಕೊಂಡು, ಮಗುವಿನ ಮುಖ ಒರೆಸಿದ ಹಾಗೆ ಒರೆಸಿ ಇಟ್ಟಳು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಎಲ್ಲದಕ್ಕೂ ಒಂದು ಬೊಟ್ಟು ವಿಭೂತಿ, ಅದರ ಕೆಳಗೆ ಕುಂಕುಮ ಹಚ್ಚಿದಳು. ನಾನು ತಟ್ಟೆ ಹಿಡಿದು ಹಿಂದೆ ಹಿಂದೆ ಹೋಗಿ ಹೂವಿನ ಎಸಳು ಉದುರಿಸಿದೆ. ಬೂದುಗುಂಬಳಕಾಯಿ ಒಡೆದದ್ದೂ ಆಯಿತು. ತಾತ ಸ್ನಾನ ಮುಗಿಸಿ ಬಂದು ಕೈಮುಗಿದು, “ಇವತ್ತು ನೋಡಿ, ಎಲ್ಲರಿಗಿಂತ ಚೆನ್ನಾಗಿ ಪೂಜೆ ಆಗಿರೋದು ನಮ್ಮ ಗಾಡಿಗೇ,” ಎಂದು ನಕ್ಕರು.

ವಿಜಯದಶಮಿಯ ಮಾರನೆಯ ದಿನ ಚೈನು ಬಂತು. ತಾತ ದೊಡ್ಡ ಚಕ್ರದ ಕುಂಕುಮವನ್ನು ಬಟ್ಟೆಯಿಂದ ಒರೆಸಿ, ಬಿಳಿಯ ಚುಕ್ಕಿಯನ್ನು ಸಣ್ಣ ಚಕ್ರದ ಚುಕ್ಕಿಗೆ ಎದುರು ಹಿಡಿದು ಕೂರಿಸಿದರು. ಮುಚ್ಚಳ ಬಿಗಿದರು. ಗರಗರ ಸದ್ದು ಹೋಗಿತ್ತು. ಭಾನುವಾರ ಎಲ್ಲರನ್ನೂ ಕೂರಿಸಿಕೊಂಡು ಕಾರನ್ನು ನಂಜನಗೂಡು ರಸ್ತೆಗೆ ಇಳಿಸಿದರು. ಬೀದಿ ದಾಟುವಾಗ ಒಂದೆರಡು ಸಲ ಮುಗ್ಗರಿಸಿತು, ನಿಜ. ರಸ್ತೆ ಸಿಕ್ಕಮೇಲೆ ಕಾರು ಹಾರಿತು. ಕಡಕೊಳ ದಾಟಿದರೂ ತಾತನಿಗೆ ತಿರುಗಿಸುವ ಮನಸ್ಸಿರಲಿಲ್ಲ. “ಕೊಂಡ್ಕೊಂಡ ದಿನವೂ ಇಷ್ಟು ಚೆನ್ನಾಗಿ ಓಡಿರ್ಲಿಲ್ಲ,” ಎಂದರು. ಅಜ್ಜಿ ಹಿಂದಿನಿಂದ, “ನನ್ನ ಪೂಜೆ,” ಎಂದಳು.

ಸೋಮವಾರ ಸ್ಕೂಲು ತೆರೆಯಿತು.

ಊರೊಳಗೆ ಅದೇ ಕಾರು ಬೇರೆಯೇ ಕಾರಾಗಿತ್ತು. ಮೊದಲ ಗೇರಿನಲ್ಲಿ ಎಳೆಯುತ್ತಿರಲಿಲ್ಲ. ಸುಮ್ಮನೆ ನಿಂತರೆ ಜ್ವರ ಬಂದವರಂತೆ ನಡುಗುತ್ತಿತ್ತು. ಆಗಾಗ ಬಾನೆಟ್ಟಿನೊಳಗೆ ಯಾರೋ ಸೀನಿದ ಹಾಗೆ ಫಟ್ ಎಂದು ಸದ್ದಾಗಿ, ಹಸಿ ಪೆಟ್ರೋಲಿನ ವಾಸನೆ ಮುಂದಿನ ಕಿಂಡಿಗಳಿಂದ ಒಳಗೆ ನುಗ್ಗುತ್ತಿತ್ತು. ಹಿಂದಿನಿಂದ ಕಪ್ಪು ಹೊಗೆ. ಅಶೋಕಪುರಂ ಹತ್ತಿರದ ರೈಲ್ವೆ ಗೇಟು ಹಾಕಿದ್ದರೆ ಕಾರು ಅಲ್ಲೇ ಆರಿಹೋಗುತ್ತಿತ್ತು. ಅದೆಲ್ಲ ದಾಟಿದರೂ ಕೊನೆಗೆ ಕಾನ್ವೆಂಟಿನ ಗೇಟಿಗೆ ಹತ್ತುವ ಏರು ಇತ್ತಲ್ಲ, ಅಲ್ಲಿ ಕಾರು ಅರ್ಧಕ್ಕೆ ನಿಂತು ಹಿಂದಕ್ಕೆ ಜಾರುತ್ತಿತ್ತು. ನಾವು ಇಳಿದು ತಳ್ಳುತ್ತಿದ್ದೆವು. ಒಳಗೆ ಬೆಲ್ ಹೊಡೆದ ಸದ್ದು. ತಡವಾಗಿ ಬಂದವರು ಮೇರಿ ಮಾತೆಯ ಗವಿಯ ಮುಂದೆ ಸಾಲಾಗಿ ನಿಂತು ಪ್ರಾರ್ಥನೆ ಹೇಳಿಯೇ ಕ್ಲಾಸಿಗೆ ಹೋಗಬೇಕಿತ್ತು.

“ಲೇಟ್ ಅಗೇನ್, ಗರ್ಲ್ಸ್,” ಎಂದು ಸಿಸ್ಟರ್ ಮೆಲ್ಲಗೆ ಹೇಳುತ್ತಿದ್ದರು. ಅವರು ಗದರಿದ್ದರೆ ಸುಲಭವಾಗುತ್ತಿತ್ತು.

ರಾತ್ರಿ ಮಲಗುವಾಗಲೇ ಮರುದಿನದ ಏರು ನೆನಪಾಗುತ್ತಿತ್ತು. ಬೆಳಿಗ್ಗೆ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ನಾನು ಬ್ಯಾಗಿನ ಬಕ್ಕಲನ್ನು ತೆಗೆಯುತ್ತಾ ಹಾಕುತ್ತಾ ಇರುತ್ತಿದ್ದೆ. ಅಮ್ಮನ ಕೈಗಳನ್ನು ನೋಡುತ್ತಿದ್ದೆ. ಸ್ಟಿಯರಿಂಗ್ ಹಿಡಿದ ಅವಳ ಬೆರಳ ಗೆಣ್ಣುಗಳು ಬೆಳ್ಳಗಾಗಿರುತ್ತಿದ್ದವು.

ನಮ್ಮ ಜೊತೆ ಬರುತ್ತಿದ್ದವರಲ್ಲಿ ನಂದಿನಿಗೆ ಬಾಯಿ ಜೋರು. ಒಂದು ದಿನ ತಳ್ಳಿ ಮೇಲೆ ಹತ್ತಿಸಿದ ಮೇಲೆ, “ಆಂಟಿ, ನಾಳೆಯಿಂದ ನಾವು ಕಾರನ್ನ ಸ್ಕೂಲಿಗೆ ಬಿಟ್ಟು, ಆಮೇಲೆ ನಡ್ಕೊಂಡು ಬರ್ತೀವಿ,” ಎಂದಳು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆ ವಾರದ ಕೊನೆಯಲ್ಲಿ ನಂದಿನಿಯ ಅಮ್ಮ ಮನೆಗೆ ಬಂದರು. ಕಾಫಿ ಕುಡಿಯುತ್ತಾ ಮಳೆ ಬಿಸಿಲಿನ ಮಾತಾಡಿ, ಎದ್ದು ಹೊರಡುವಾಗ, “ಬೇಜಾರ್ ಮಾಡ್ಕೋಬೇಡಿ ಗಿರಿಜಾ. ಇವಳ ಯೂನಿಫಾರ್ಮೆಲ್ಲ ಪೆಟ್ರೋಲ್ ವಾಸನೆ. ತಲೆನೋವು ಅಂತಾಳೆ. ಆಟೋಗೆ ಹೇಳಿದ್ದೀವಿ,” ಎಂದರು. ಅಮ್ಮ ಅವರಿಗೆ ಅರಿಶಿನ ಕುಂಕುಮ ಕೊಟ್ಟು, ಗೇಟಿನವರೆಗೆ ಹೋಗಿ ಕಳಿಸಿ ಬಂದಳು.

ತಾತ ಸುಮ್ಮನಿರಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಬಿಚ್ಚಿ ತೊಳೆದರು. ಪ್ಲಗ್ಗು ತೆಗೆದು ಮಸಿ ಉಜ್ಜಿದರು. ಏನೇನೋ ತಿರುಗಿಸಿದರು. ಚೈನಿನ ಮಾತು ಬಂದರೆ ಮಾತ್ರ ಅವರ ಮುಖ ಗಂಟಿಕ್ಕುತ್ತಿತ್ತು.

“ಮಾವ, ಚೈನ್ ಹಾಕಿದ ಮೇಲೇ ಹೀಗಾಗಿದ್ದು ಅನ್ಸುತ್ತೆ,” ಎಂದಳು ಅಮ್ಮ ಒಂದು ಸಂಜೆ.

“ಚುಕ್ಕಿಗೆ ಚುಕ್ಕಿ ಇಟ್ಟು ಹಾಕಿದ್ದೀನಿ ಕಣಮ್ಮ. ರೈಲಿನ ಎಂಜಿನ್ ಬಿಚ್ಚಿದ ಕೈ ಇದು. ನಂಜನಗೂಡು ರೋಡಲ್ಲಿ ಎಂಗೆ ಓಡ್ತು, ನೀನೂ ಕೂತಿದ್ದೆಯಲ್ಲ?”

“ರಸ್ತೇಲಿ ಓಡುತ್ತೆ ಮಾವ. ಊರೊಳಗೆ ಓಡಲ್ಲ.”

“ಗಾಡಿಗೆ ಊರ್ಯಾವುದು ಕಾಡ್ಯಾವುದು ಅಂತ ಗೊತ್ತಾದದಾ? ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸ್ತಿದ್ದೀಯ ನೀನು. ಅದಕ್ಕೇ ಎಳೀತಿಲ್ಲ.”

ಅಮ್ಮ ಒಲೆಯ ಮುಂದೆ ನಿಂತು, ಆಗಲೇ ಕುದಿದಿದ್ದ ಸಾರನ್ನು ಇನ್ನೂ ತಿರುವುತ್ತಲೇ ಇದ್ದಳು. ಓಡಿಸಲು ಬರುವುದಿಲ್ಲ ಎಂದು ಅವಳಿಗೆ ಊರೆಲ್ಲ ಹೇಳಿದ್ದರೂ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಲಿಸಿದವರೇ ಹೇಳಿದ್ದರು.

ಆ ದಿನಗಳಲ್ಲೇ ಹೊಗೆ ತಪಾಸಣೆಯ ಕಾಟ ಜೋರಾದದ್ದು. ಪೆಟ್ರೋಲ್ ಬಂಕಿನಲ್ಲಿ ಪರೀಕ್ಷೆ ಮಾಡಿಸಿ ಗಾಜಿಗೆ ಸ್ಟಿಕ್ಕರ್ ಅಂಟಿಸಿಕೊಳ್ಳದಿದ್ದರೆ ಪೊಲೀಸರು ಹಿಡಿಯುತ್ತಿದ್ದರು. ಅಪ್ಪ, ಅಮ್ಮ, ನಾನು ಹೋದೆವು. ಅಲ್ಲಿದ್ದಾತ ಹೊಗೆ ಕೊಳವೆಯೊಳಗೆ ಒಂದು ಉದ್ದನೆಯ ನಳಿಗೆ ತೂರಿಸಿ, ಪೆಟ್ಟಿಗೆಯ ಮೇಲೆ ಓಡುವ ಅಂಕಿಗಳನ್ನು ನೋಡಿ ತಲೆಯಾಡಿಸಿದ.

“ಇದು ಕಾರಲ್ಲ ಸಾರ್, ಇಟ್ಟಿಗೆ ಗೂಡು. ಅರ್ಧ ಪೆಟ್ರೋಲು ಉರೀದೇ ಆಚೆ ಬತ್ತಾ ಅದೆ. ಇದಕ್ಕೆ ಸ್ಟಿಕ್ಕರ್ ಕೊಟ್ರೆ ನನ್ನ ಮಿಷಿನ್ನೇ ನನ್ನ ಮೇಲೆ ಕೇಸ್ ಹಾಕುತ್ತೆ.”

ಮನೆಗೆ ಬಂದ ಮೇಲೆ ಅಪ್ಪ ಎಲ್ಲರೂ ಊಟಕ್ಕೆ ಕೂತಾಗ ಹೇಳಿದರು. ಅಪ್ಪ ಜೋರಾಗಿ ಮಾತಾಡುವವರಲ್ಲ, ಹಾಗಾಗಿ ಅವರು ಹೇಳಿದ್ದು ಮುಗಿದ ಮಾತಿನಂತೆ ಕೇಳುತ್ತಿತ್ತು. “ಇನ್ನೊಂದ್ಸಲ ಮಾಡಿಸೋಣ. ಆಗ್ಲಿಲ್ಲ ಅಂದ್ರೆ ಕೊಟ್ಬಿಡೋಣ. ಫ್ಯಾಕ್ಟರಿಯಲ್ಲಿ ಒಬ್ರು ನೋಡಕ್ಕೆ ಬರ್ತೀನಿ ಅಂದಿದ್ದಾರೆ. ಪುಟ್ಟಿ ಆಟೋದಲ್ಲಿ ಹೋಗ್ಲಿ. ಗಿರಿಜಂಗೂ ಬೆಳಿಗ್ಗೆ ಈ ಒದ್ದಾಟ ತಪ್ಪುತ್ತೆ.”

“ಒದ್ದಾಟ ಅಂತ ಯಾರು ಹೇಳಿದ್ರು?” ಎಂದಳು ಅಮ್ಮ.

ಅಪ್ಪ ತಲೆಯೆತ್ತಿ ನೋಡಿದರು. ಅವರು ಒಳ್ಳೆಯದನ್ನೇ ಹೇಳಿದ್ದರು, ಅದು ಯಾಕೆ ತಪ್ಪಾಯಿತೆಂದು ಅವರಿಗೆ ತಿಳಿಯಲಿಲ್ಲ. ತಾತ ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದರು. ನನಗೆ ಅಮ್ಮನ ಚಪ್ಪಲಿಗಳು ಕಣ್ಣ ಮುಂದೆ ಬಂದವು. ಆ ಕಾರು ಹೋದರೆ ಅವಳು ದಿನಾ ಬೆಳಿಗ್ಗೆ ಎಲ್ಲಿಗೆ ಹೋಗುತ್ತಾಳೆ ಅಂತ ಯೋಚಿಸಿದೆ. ತರಕಾರಿಗೆ, ಅಷ್ಟೇ.

ಮರುದಿನ ಸಂಜೆ ತಾತ ಜಗುಲಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದಾಗ ಅಮ್ಮ ಕಾಫಿ ತಂದುಕೊಟ್ಟು ಅಲ್ಲೇ ನಿಂತಳು.

“ಮಾವ, ನಾಳೆ ನೀವೂ ಬನ್ನಿ.”

“ಎಲ್ಲಿಗೆ?”

“ಸ್ಕೂಲಿಗೆ.”

“ಈ ವಯಸ್ಸಲ್ಲಿ ನಂಗೆ ಎ ಬಿ ಸಿ ಡಿ ಕಲಿಸ್ತೀಯಾ?”

“ನೀವೇನೂ ಮಾಡ್ಬೇಡಿ. ಪಕ್ಕದಲ್ಲಿ ಕೂತಿರಿ ಅಷ್ಟೇ. ನಾನು ತಪ್ಪು ಓಡಿಸ್ತಿದ್ರೆ ಅಲ್ಲೇ ಹೇಳಿ, ತಿದ್ದಿಕೊಳ್ತೀನಿ.”

ತಾತ ಕಾಫಿ ಮುಗಿಸಿ ಲೋಟ ಕೆಳಗಿಟ್ಟು, “ಎಷ್ಟು ಹೊತ್ತಿಗೆ ಹೊರಡ್ತೀರಿ?” ಎಂದು ಕೇಳಿದರು.

ಬೆಳಿಗ್ಗೆ ತಾತ ಬಿಳಿ ಪಂಚೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ಮದುವೆಗೆ ಹೊರಟವರಂತೆ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ, ಹುಡುಗಿಯರ ನಡುವೆ. ಇವತ್ತೊಂದು ದಿನ ಕಾರು ಸರಿಯಾಗಿ ಓಡಿಬಿಟ್ಟರೆ ಏನು ಗತಿ ಅಂತ ನನಗೆ ಭಯ. ಇಷ್ಟು ದಿನ ಬೇಡ ಬೇಡ ಎಂದುಕೊಂಡಿದ್ದನ್ನು ಅವತ್ತು ಆಗಲಿ ಆಗಲಿ ಎಂದುಕೊಳ್ಳುತ್ತಿದ್ದೆ.

ಕಾರು ನನ್ನ ಮಾತು ಕೇಳಿತು. ಬೀದಿಯ ತುದಿಯಲ್ಲೇ ಮುಗ್ಗರಿಸಿತು. ರೈಲ್ವೆ ಗೇಟು ಹಾಕಿತ್ತು. ನಿಂತ ಕಾರು ನಡುಗತೊಡಗಿತು, ಮುಂದಿನ ಕನ್ನಡಿಯಲ್ಲಿ ನಮ್ಮ ಮುಖಗಳೆಲ್ಲ ಅಲುಗಾಡುತ್ತಿದ್ದವು. ತಾತ ಮೊದಲು ಅಮ್ಮನ ಪಾದಗಳನ್ನು ನೋಡಿದರು. ಕ್ಲಚ್ಚಿನಿಂದ ದೂರ, ಎಡಗಾಲು ಮ್ಯಾಟಿನ ಮೇಲೆ ಸುಮ್ಮನೆ ಕೂತಿತ್ತು. ಆಮೇಲೆ ಅವರು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿ ಇಟ್ಟು ಕಣ್ಣು ಮುಚ್ಚಿದರು, ನಾಡಿ ನೋಡುವವರ ಹಾಗೆ. ಬಾನೆಟ್ಟಿನೊಳಗೆ ಫಟ್ ಎಂದಿತು. ಪೆಟ್ರೋಲು ವಾಸನೆ ಬಂತು. ಅವರು ಮೂಗರಳಿಸಿ ಮತ್ತೊಮ್ಮೆ ಎಳೆದುಕೊಂಡರು.

ಏರಿನಲ್ಲಿ ಕಾರು ಎಂದಿನ ಜಾಗದಲ್ಲೇ ನಿಂತಿತು. ಯಾರೂ ಹೇಳದೆಯೇ ಹಿಂದಿನ ಎರಡೂ ಬಾಗಿಲು ತೆರೆದು, ಬ್ಯಾಗುಗಳನ್ನು ಸೀಟಿನ ಮೇಲೇ ಬಿಟ್ಟು, ನಾವೆಲ್ಲ ಇಳಿದು ನಮ್ಮ ನಮ್ಮ ಜಾಗದಲ್ಲಿ ನಿಂತು ಕೈ ಇಟ್ಟೆವು. ನಮಗೆ ಅಷ್ಟು ಅಭ್ಯಾಸವಾಗಿತ್ತು. ತಾತ ತಿರುಗಿ ನೋಡಿದರು. ಆ ಮುಖವನ್ನು ನಾನು ಹಿಂದಿನ ಗಾಜಿನೊಳಗಿಂದ ಕಂಡೆ. ಅವರೂ ಇಳಿದು ಬಂದರು. ಪಂಚೆ ಎತ್ತಿ ಕಟ್ಟಿ ನನ್ನ ಪಕ್ಕದಲ್ಲಿ ಭುಜ ಕೊಟ್ಟು ತಳ್ಳಿದರು. ಗೇಟಿನಲ್ಲಿ ನಿಂತಿದ್ದ ಸಿಸ್ಟರ್ ಅವತ್ತು ನಮ್ಮನ್ನು ನೇರವಾಗಿ ಕ್ಲಾಸಿಗೆ ಬಿಟ್ಟರು.

ನಾನು ಬ್ಯಾಗು ತಗೊಳ್ಳುವಾಗ ತಾತ ಯಾರಿಗೋ ಹೇಳುವಂತೆ, “ಬಾಗಿಲು ತಡವಾಗಿ ಮುಚ್ತಾ ಅದೆ,” ಎಂದರು.

ಸಂಜೆ ಬೆಲ್ ಆದಮೇಲೆ ಹೊರಗೆ ಬಂದರೆ ಕಾರಿಲ್ಲ. ಅಮ್ಮ ಆಟೋದಲ್ಲಿ ಬಂದಿದ್ದಳು.

“ಮಾರಿಬಿಟ್ರಾ ಅಮ್ಮ?”

“ಆಟೋ ಹತ್ತು ಮೊದಲು,” ಎಂದಳು ಅಮ್ಮ. ಅವಳಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ, ಆ ದಿನ ಏನಾಗುತ್ತದೆಂದು.

ಮನೆಗೆ ಬಂದಾಗ ಪೋರ್ಟಿಕೋದಲ್ಲಿ ಮತ್ತೆ ಪತ್ರಿಕೆಗಳು. ತಾತ ದೊಡ್ಡ ಹಲ್ಲುಚಕ್ರವನ್ನು ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಹಲ್ಲನ್ನು ನೋಡುತ್ತಿದ್ದರು. ಅಜ್ಜಿ ಹೊಸಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಾತನ ಬೆರಳು ಒಂದು ಕಡೆ ನಿಂತಿತು. ಸವೆದ ಚುಕ್ಕಿ ಸಿಕ್ಕಿತ್ತು. ಅದು ಅವರು ಕೂರಿಸಿದ್ದ ಹಲ್ಲಿನಲ್ಲಿರಲಿಲ್ಲ, ಅದರ ಪಕ್ಕದ್ದರಲ್ಲಿತ್ತು.

“ಏನೇ,” ಎಂದರು ಅಜ್ಜಿಗೆ, “ಅವತ್ತು ಪೂಜೆ ದಿನ ಇದನ್ನ ಒರೆಸಿದ್ಯಾ?”

“ಒರೆಸ್ದೆ ಮತ್ತೆ? ಕೊಳಕಿನ ಮೇಲೆ ವಿಭೂತಿ ಇಡಕ್ಕಾದದಾ?”

“ಇದರ ಮೇಲೆ ಸುಣ್ಣದ ಬೊಟ್ಟಿತ್ತು.”

“ಇತ್ತು. ಅಸಹ್ಯವಾಗಿ ಮೆತ್ಕೊಂಡಿತ್ತು. ಒರೆಸಿ ಚೆಂದಾಗಿ ವಿಭೂತಿ ಇಟ್ಟೆ.” ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. “ಯಾಕೆ, ಏನಾಯ್ತು?”

ತಾತ ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೈಯುತ್ತಾರೆ ಅಂತ ನಾನು ಅಮ್ಮನ ಸೆರಗು ಹಿಡಿದೆ. ಅವರು ಬೈಯಲಿಲ್ಲ. “ನಿನ್ನ ವಿಭೂತಿಗೆ ಎಂಜಿನ್ ಕೂರಿಸ್ಬುಟ್ಟಿದ್ದೀನಿ ಕಣೆ,” ಎಂದರು. “ಬಿಳೀದು ಕಾಣ್ತು. ನಂದೇ ಅಂದ್ಕಂಡೆ. ನೋಡ್ಲೇ ಇಲ್ಲ.”

ಆಮೇಲೆ ಅಮ್ಮನ ಕಡೆ ತಿರುಗಿ, “ಒಂದೇ ಒಂದು ಹಲ್ಲು ಕಣಮ್ಮ,” ಎಂದರು. ಅಷ್ಟೇ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಕೇಳಿದಳು. “ಮತ್ತೆ ನಂಜನಗೂಡು ರಸ್ತೇಲಿ ಯಾಕೆ ಮಾವ ಅಷ್ಟು ಚೆನ್ನಾಗಿ ಓಡಿದ್ದು?”

“ಅದೇ ನನ್ನ ದಾರಿ ತಪ್ಪಿಸಿದ್ದು. ನೂಕುನುಗ್ಗಲು ಇದ್ದಾಗ ಬಾಗಿಲು ಮುಚ್ಚೋದು ತಡವಾದ್ರೂ ಜನ ಒಳಕ್ಕೇ ನುಗ್ತಾರೆ, ಇನ್ನೂ ನಾಲ್ಕು ಜನ ಜಾಸ್ತೀನೇ ಸೇರ್ತಾರೆ. ಜೋರಾಗಿ ಓಡುವಾಗ ಅಂಗೆ. ನಿಧಾನಕ್ಕೆ ಬರೋವಾಗ ಬಾಗಿಲು ತೆಗ್ದೇ ಇದ್ರೆ ಒಳಗೆ ಬಂದೋರು ಹಂಗೇ ಆಚೆ ಹೋಯ್ತಾರೆ. ಪೆಟ್ರೋಲು ಕಾರ್ಬುರೇಟರಿಗೆ ವಾಪಸ್ ಬರ್ತಿತ್ತು. ಬಂದದ್ದು ಮತ್ತೆ ಒಳಕ್ಕೆ ಹೋಗೋವಾಗ ಪೆಟ್ರೋಲು ಎರಡು ಪಾಲು. ಉರಿಯಕ್ಕೆ ಗಾಳಿ ಸಾಲ್ದು. ಅದಕ್ಕೇ ವಾಸನೆ, ಅದಕ್ಕೇ ಮಸಿ.” ಚಕ್ರವನ್ನು ಪತ್ರಿಕೆಯ ಮೇಲಿಟ್ಟು, “ರಸ್ತೇಲಿ ಓಡುತ್ತೆ, ಊರೊಳಗೆ ಓಡಲ್ಲ ಅಂತ ನೀನು ಆವತ್ತೇ ಹೇಳಿದ್ದೆ,” ಎಂದರು.

ಮತ್ತೆ ಪರೀಕ್ಷೆಗೆ ಹೋದ ದಿನ ತಾತನೂ ಬಂದರು. ಅಮ್ಮ ಓಡಿಸಿದಳು. ತಾತ ಮುಂದೆ, ಅಪ್ಪ ನಾನು ಹಿಂದೆ. ಕಾರು ನಿಂತರೂ ನಡುಗಲಿಲ್ಲ. ಬಂಕಿನಲ್ಲಿದ್ದಾತ ನಮ್ಮನ್ನು ಗುರುತು ಹಿಡಿದು, “ಗೂಡು ಮತ್ತೆ ಬಂತಾ,” ಎಂದು ನಳಿಗೆ ತೂರಿಸಿದ. ಆಮೇಲೆ ತಾತನ ಕಡೆ ಬಗ್ಗಿ, “ಡ್ರೈವರ್ ಎಲ್ಲಿ ಸ್ವಾಮಿ? ಸ್ವಲ್ಪ ಆಕ್ಸಿಲರೇಟರ್ ಒತ್ಬೇಕು,” ಎಂದ.

“ಓಡ್ಸೋರು ಅವ್ರು,” ಎಂದರು ತಾತ ಅಮ್ಮನನ್ನು ತೋರಿಸಿ. “ಏನ್ ಬೇಕಾದ್ರೂ ಅವ್ರನ್ನ ಕೇಳಿ.”

ನಮ್ಮ ಮನೆಯಲ್ಲಿ ಸೊಸೆಯನ್ನು ಯಾರೂ ‘ಅವರು’ ಎಂದದ್ದಿಲ್ಲ. ಅಮ್ಮ ಕಿವಿಯ ಹಿಂದೆ ಕೂದಲು ಸರಿಸಿಕೊಂಡು ಒತ್ತಿದಳು. ಎಂಜಿನ್ನು ಒಂದೇ ಉಸಿರಿಗೆ ಏರಿತು. ಅಂಕಿಗಳು ಓಡಿ ಓಡಿ ನಿಂತವು. ಆತ ಒಮ್ಮೆ ಪೆಟ್ಟಿಗೆ ನೋಡಿ, ಒಮ್ಮೆ ಕಾರು ನೋಡಿ, ಸ್ಟಿಕ್ಕರ್ ಹರಿದುಕೊಟ್ಟ.

ಬರುವ ದಾರಿಯಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡರು. “ಹಾಗಾದ್ರೆ ಆ ಫ್ಯಾಕ್ಟರಿಯವರಿಗೆ ಬರೋದು ಬೇಡ ಅಂತ ಹೇಳ್ಬಿಡ್ಲಾ ಅಪ್ಪ?”

“ನನ್ನನ್ಯಾಕೆ ಕೇಳ್ತೀಯ?” ಎಂದರು ತಾತ ಕಿಟಕಿಯಾಚೆ ನೋಡುತ್ತಾ. “ಅದನ್ನೂ ಅವ್ರನ್ನೇ ಕೇಳು.”

ಅಪ್ಪ ಕೇಳಿದರು. ಅಮ್ಮ ಗೇರು ಬದಲಿಸಿ, ರಸ್ತೆಯಿಂದ ಕಣ್ಣು ತೆಗೆಯದೆ, “ಬರೋದು ಬೇಡ ಅನ್ನಿ,” ಎಂದಳು.

ನಂದಿನಿ ಮರಳಿ ಬರಲಿಲ್ಲ. ಉಳಿದವರು ಬಂದರು. ನಾನು ಹತ್ತನೇ ಕ್ಲಾಸು ಮುಗಿಸುವವರೆಗೂ ಅಮ್ಮ ಓಡಿಸಿದಳು. ಆಮೇಲೆ ತಾತ ಹೋದರು. ಬಿಡಿಭಾಗಗಳು ಸಿಗದಾದವು, ಸಿಕ್ಕರೂ ಕೂರಿಸುವ ಕೈ ಇರಲಿಲ್ಲ. ಕಾರನ್ನು ಯಾರೋ ಬಂದು ಲಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಅಮ್ಮ ಆಮೇಲೆ ಬೇರೆ ಕಾರು ಮುಟ್ಟಲಿಲ್ಲ. ಲೈಸೆನ್ಸಿನ ಅವಧಿ ಮುಗಿದದ್ದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ, ನಾನೂ ಸಹ.

ಈಗ ನನಗೂ ಒಂದು ಕಾರಿದೆ. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಅದರೊಳಗಿನ ಕಂಪ್ಯೂಟರು ವೇಗಕ್ಕೆ ತಕ್ಕಂತೆ ತಾನೇ ನೋಡಿಕೊಳ್ಳುತ್ತದಂತೆ. ಹೊಗೆ ಕಾಣುವುದಿಲ್ಲ, ವಾಸನೆಯಿಲ್ಲ, ಯಾವ ಏರಿನಲ್ಲೂ ನಿಲ್ಲುವುದಿಲ್ಲ. ಮಗಳ ಯೂನಿಫಾರ್ಮು ಶುಭ್ರವಾಗಿರುತ್ತದೆ. ಆ ಮಸಿ ಮತ್ತೆ ಬೇಕೆಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆಯ ಆ ಏರಿನ ಭಯವೂ ಬೇಡ.

ಆದರೆ ಅಮ್ಮ ಸಂಜೆ ಬೀದಿಯ ಮೂಲೆಗೆ ತಿರುಗುತ್ತಿದ್ದ ಹಾಗೇ ಆ ಎಂಜಿನ್ನಿನ ಸದ್ದು ಮನೆಯೊಳಗೆ ಕೇಳುತ್ತಿತ್ತು. ಅಜ್ಜಿ ಹಾಲು ಒಲೆಗಿಡುತ್ತಿದ್ದಳು. ತಾತ ಕೂತಲ್ಲಿಂದ ಎದ್ದು, ಚಪ್ಪಲಿ ಹುಡುಕಿಕೊಂಡು, ಕಾರು ಬರುವಷ್ಟರಲ್ಲಿ ಗೇಟು ತೆರೆದು ಹಿಡಿದು ನಿಂತಿರುತ್ತಿದ್ದರು. ನನ್ನ ಕಾರು ಮನೆಯ ಮುಂದೆ ಬಂದು ನಿಂತರೂ ಒಳಗಿರುವವರಿಗೆ ತಿಳಿಯುವುದಿಲ್ಲ. ನಾನೇ ಇಳಿದು ಗೇಟು ತೆಗೆಯುತ್ತೇನೆ.